ಸೀಮೆಸುಣ್ಣ ಕೈ ಬದಲಾದಾಗ

ಬೆಳಕಿಗಿಂತ ವೇಗವಾಗಿ ಹೋಗಬಹುದು ಎಂದು ಗಂಡ ಲೆಕ್ಕ ಹಾಕಿ ತೋರಿಸಿದಾಗಿನಿಂದ ಅವಳಿಗೆ ಮನೆಯಲ್ಲಿ ಮಾತೇ ಬೇಡವಾಗಿತ್ತು. ಬೇಕಾಗುವುದಾದರೂ ಹೇಗೆ? ಆ ಲೆಕ್ಕದಲ್ಲಿ ಅರ್ಧಕ್ಕರ್ಧ ಅವಳದು. ಲೇಖನ ಅಚ್ಚಾಗಿ ಬಂದಾಗ ಮೇಲೆ ಗಂಡನ ಹೆಸರೊಂದೇ ಇತ್ತು. ಕಟ್ಟಕಡೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ‘ಟೈಪ್ ಮಾಡಿ ನೆರವಾದ ಶ್ರೀಮತಿಗೆ ಕೃತಜ್ಞತೆ’ ಎಂದಿತ್ತು. ಟೈಪ್ ಮಾಡಿ! ಅವಳ ಮೈಯೆಲ್ಲ ಉರಿದುಹೋಯಿತು. ಅದನ್ನು ಮಡಚಿಟ್ಟವಳು ಬಹಳ ದಿನ ಬಿಚ್ಚಿ ಓದಲೇ ಇಲ್ಲ.

ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ರ‍್ಯಾಂಕ್ ಅವಳದು, ಕೆಲಸ ಅವನದು. ಒಂದೇ ವಿಭಾಗದಲ್ಲಿ ಗಂಡಹೆಂಡತಿ ಇಬ್ಬರನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಸಂಸ್ಥೆಯವರು ಅಂದಾಗ, ಬಿಡಬೇಕಾದವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ ನೋಡಿ. ಅವನು ಪ್ರೊಫೆಸರ್ ಆದ. ಅವಳು ಕಾಲೇಜೊಂದರಲ್ಲಿ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಳು. ಸಂಜೆಯಾದರೆ ಮಾತ್ರ ಊಟದ ಮೇಜಿನ ಹಿಂದಿನ ಕರಿಹಲಗೆಯ ಮುಂದೆ ಇಬ್ಬರೂ ಸರಿಸಮ.

ಆ ಹಲಗೆಗೆ ಒಂದು ಕಟ್ಟುಪಾಡಿತ್ತು. ಕಾಲಕ್ಕೆ ಮೈನಸ್, ಜಾಗಕ್ಕೆ ಪ್ಲಸ್ ಹಾಕಿ ಬರೆಯುವುದು ಅವಳ ರೂಢಿ, ಅವನದು ತಿರುಗಾಮುರುಗಾ. ಎರಡೂ ಸರಿಯೇ, ಬೆರೆಸಬಾರದು ಅಷ್ಟೆ. ಅದಕ್ಕೇ ಸೀಮೆಸುಣ್ಣ ಕೈ ಬದಲಾದಾಗಲೆಲ್ಲ, ತೆಗೆದುಕೊಂಡವರು ಮೂಲೆಯಲ್ಲೊಂದು ಚುಕ್ಕಿ ಇಟ್ಟು, ಮೇಲಿನ ಚಿಹ್ನೆಗಳನ್ನೆಲ್ಲ ತಮ್ಮ ರೂಢಿಗೆ ತಿರುಗಿಸಿಕೊಂಡೇ ಮುಂದುವರಿಯಬೇಕು. “ಚುಕ್ಕಿ ಬಿತ್ತಾ? ಹಾಗಾದ್ರೆ ಇವತ್ತು ಜಗಳ ಇಲ್ಲ, ತಟ್ಟೆ ಹಾಕ್ತೀನಿ,” ಎಂದು ಅತ್ತೆ ನಗುತ್ತಿದ್ದರು.

ಅವರು ಹಿಡಿದಿದ್ದ ಪ್ರಶ್ನೆಯೂ ಸಾಮಾನ್ಯದ್ದಲ್ಲ. ಬೆಳಕನ್ನು ಓಡಿ ಹಿಂದೆ ಹಾಕುವುದು ಯಾರಿಂದಲೂ ಆಗದು. ಆದರೆ ಚಾಪೆಯ ಮೇಲೆ ಕೂತವನು ತಾನು ಏಳದಿದ್ದರೂ, ಚಾಪೆ ಎಳೆದರೆ ಮುಂದೆ ಹೋಗುತ್ತಾನಲ್ಲ? ಹಾಗೆಯೇ ಆಕಾಶನೌಕೆಯ ಮುಂದಿನ ಜಾಗವನ್ನು ಕುಗ್ಗಿಸಿ, ಹಿಂದಿನದನ್ನು ಹಿಗ್ಗಿಸಿದರೆ ನೌಕೆ ಇದ್ದಲ್ಲೇ ಇದ್ದು ಬೆಳಕನ್ನು ಮೀರಿಸೀತು. ಸಮೀಕರಣಗಳು ಇದಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಒಂದೇ: ಅದಕ್ಕೆ ಸೊನ್ನೆಗಿಂತ ಕಡಿಮೆಯ ಶಕ್ತಿ, ಋಣಾತ್ಮಕ ಶಕ್ತಿ, ರಾಶಿ ರಾಶಿ ಬೇಕು. ಅಷ್ಟನ್ನು ಎಲ್ಲಿಂದ ತರುವುದು? ಅದಿಲ್ಲದೆ ಆಗುವ ದಾರಿ ಉಂಟೇ ಎಂದು ಇಬ್ಬರೂ ವರ್ಷಗಟ್ಟಲೆ ತಲೆ ಚಚ್ಚಿಕೊಂಡಿದ್ದರು.

ಅಷ್ಟರಲ್ಲಿ ಬೇರೆ ಊರಿನ ಸಂಸ್ಥೆಯೊಂದು ಅವಳನ್ನು ಸಂಶೋಧನೆಗೆ ಕರೆಯಿತು. “ನೀನು ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರ್ಯಾರು?” ಎಂದ ಗಂಡ. ಮಾತಿಗೆ ಮಾತು ಬೆಳೆದು, ಅವಳು ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಅಕ್ಕನ ಮನೆಗೆ ಹೊರಟುಹೋದಳು. ಕೋಪ ಇಳಿದು ಬರುವಷ್ಟರಲ್ಲಿ ಅವನು ಲೆಕ್ಕ ಮುಗಿಸಿ ಕುಣಿಯುತ್ತಿದ್ದ. ಋಣಾತ್ಮಕ ಶಕ್ತಿ ಬೇಕೇ ಇಲ್ಲವಂತೆ! ಆ ಸಂಭ್ರಮದ ನಡುವೆ ಅವಳಿಗೆ ಬಂದ ಕರೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಈಗ ದೊಡ್ಡ ಸಮ್ಮೇಳನದಲ್ಲಿ ಅವನ ಭಾಷಣ. ಹಿಂದಿನ ದಿನ ಕಾಲೇಜಿನಲ್ಲಿ ಮಕ್ಕಳು ದುಂಬಾಲು ಬಿದ್ದರು. “ಮೇಡಂ, ಸರ್ ಕಂಡುಹಿಡಿದದ್ದು ನಮಗೂ ಹೇಳಿಕೊಡಿ.” ಇಲ್ಲ ಎನ್ನಲಾಗದೆ ಬೋರ್ಡಿನ ಮೇಲೆ ಮೊದಲಿನಿಂದ ಬರೆದಳು. ಕೊನೆಗೆ ಬಂದದ್ದು ಋಣಾತ್ಮಕ ಶಕ್ತಿಯೇ. ಮತ್ತೆ ಮಾಡಿದಳು, ಅದೇ ಬಂತು. ಮನೆಗೆ ಬಂದು, ಮಡಚಿಟ್ಟಿದ್ದ ಲೇಖನ ಬಿಚ್ಚಿದಳು. ಅವಳು ಬಿಟ್ಟಿದ್ದ ಸಾಲು ಹಾಗೇ ಇತ್ತು, ಅದರ ಕೆಳಗೆ ‘ಇದರಿಂದ ಸುಲಭವಾಗಿ ತಿಳಿಯುವುದೇನೆಂದರೆ’ ಎಂದು ಬರೆದು ಮುಂದಕ್ಕೆ ಹಾರಿದ್ದ. ಈ ‘ಸುಲಭವಾಗಿ’ ಎನ್ನುವ ಮಾತಿದೆಯಲ್ಲ, ಪಂಡಿತರೂ ಅದನ್ನು ಕಂಡರೆ ಲೆಕ್ಕ ನೋಡುವುದಿಲ್ಲ. ಸುಲಭವಾದದ್ದು ತಮಗೆ ತಿಳಿಯಲಿಲ್ಲ ಎನ್ನಲು ಯಾರಿಗೆ ಮನಸ್ಸಿದೆ? ಅವಳಿಗೆ ಮಾತ್ರ ನಡೆದದ್ದು ಕಣ್ಣಿಗೆ ಕಟ್ಟಿತು. ಸೀಮೆಸುಣ್ಣ ಅವಳ ಕೈಯಿಂದ ಅವನ ಕೈಗೆ ಹೋಗಿತ್ತು. ಮೂಲೆಯಲ್ಲಿ ಚುಕ್ಕಿ ಬಿದ್ದಿರಲಿಲ್ಲ.

ಸಂಜೆ ಅವನು ಕನ್ನಡಿಯ ಮುಂದೆ ಟೈ ಕಟ್ಟಿ ನೋಡುತ್ತಿದ್ದ.

“ರೀ, ನಾಳೆ ಮಾತಾಡ್ಬೇಡಿ. ನನ್ನ ಸಾಲಿನ ಚಿಹ್ನೆ ತಿರುಗಿಸದೆ ಮುಂದುವರಿಸಿದ್ದೀರಿ, ಅದಕ್ಕೇ ಋಣಾತ್ಮಕ ಶಕ್ತಿ ಧನಾತ್ಮಕ ಆಗಿ ಕಾಣ್ತಿದೆ. ನೀವೇ ಕೂಡಿ ನೋಡಿ.”

ಅವನು ಕೂಡಿ ನೋಡಿದ. ಮುಖ ಬಿಳಿಚಿಕೊಂಡಿತು. ಆಮೇಲೆ ಟೈ ಸರಿಮಾಡಿಕೊಂಡ. “ನಿಂಗೆ ಹೊಟ್ಟೆಕಿಚ್ಚು ಕಣೇ. ಹೆಸರು ಹಾಕ್ಲಿಲ್ಲ ಅಂತ ತಾನೆ? ಇಷ್ಟು ಜನ ನೋಡಿದಾರೆ, ಯಾರಿಗೂ ಕಾಣದ್ದು ನಿಂಗೆ ಕಾಣ್ತಾ?”

ಹೌದು, ಹೆಸರು ಬೇಕಿತ್ತು ಅವಳಿಗೆ. ಆ ಸಭೆಯಲ್ಲಿ, ಅವನ ಬಾಯಲ್ಲಿ, ಒಂದೇ ಒಂದು ಸಲ. ಅದಕ್ಕೆ ನಾಚಿಕೆ ಏನು ಬಂತು?

ಮಾರನೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಭಾಷಣ ಮುಗಿದು ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಮುದುಕಿಯೊಬ್ಬಳು, ಅದೇ ಶಾಸ್ತ್ರದಲ್ಲಿ ತಲೆ ನರೆತವಳು, ಮೈಕ್ ಕೇಳಿದಳು. “ಈ ‘ಸುಲಭವಾಗಿ’ ಅನ್ನೋ ಕಡೆ ನಂಗೆ ಸುಲಭ ಆಗ್ಲಿಲ್ಲ. ಮೇಲಿನ ಸಾಲಲ್ಲಿ ಕಾಲಕ್ಕೆ ಮೈನಸ್, ಕೆಳಗಿನ ಸಾಲಲ್ಲಿ ಪ್ಲಸ್. ಎರಡೂ ಹೇಗೆ ಬಂತು?”

ಪ್ರೊಫೆಸರ್ ನೀರು ಕುಡಿದ. ಹಿಂದಿನ ಸಾಲಿನತ್ತ ನೋಡಿದ. ಒಪ್ಪಿಕೊಂಡುಬಿಡಿ, ತಪ್ಪಾಗಿದೆ ಅಂದುಬಿಡಿ, ನಾನಿದ್ದೀನಿ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಇಷ್ಟಾದ ಮೇಲೂ ಹಾಗೆ ಅಂದುಕೊಂಡಳಲ್ಲ!

“ಒಳ್ಳೆ ಪ್ರಶ್ನೆ,” ಎಂದ ಅವನು. “ಆ ಭಾಗದ ಲೆಕ್ಕ ನಾನು ಮಾಡಿದ್ದಲ್ಲ.” ಅವಳ ಹೆಸರು ಹೇಳಿದ. ಇನಿಶಿಯಲ್ ಸಮೇತ, ಸ್ಪಷ್ಟವಾಗಿ ಹೇಳಿದ. “ನನ್ನ ಶ್ರೀಮತಿ. ಅಗೋ, ಅಲ್ಲೇ ಕೂತಿದಾರೆ. ನಂಬಿ ತಗೊಂಡದ್ದು ನನ್ನ ತಪ್ಪು.”

ಇಡೀ ಸಭೆ ತಿರುಗಿ ನೋಡಿತು. ಯಾರೋ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು.

ಮನೆಗೆ ಬಂದಾಗ ಸುದ್ದಿ ಮೊದಲೇ ಬಂದಿತ್ತು. “ಏನಮ್ಮಾ, ಅವನ ಮಾನ ಹರಾಜು ಹಾಕಿದ್ಯಂತೆ,” ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ಗಂಡ ಬಂದ, ಟೈ ಬಿಚ್ಚಿದ, ಹಲಗೆಯ ಹತ್ತಿರ ಹೋಗಿ ನಿಂತ.

“ಬಾಯಿಗೆ ಬಂದದ್ದು ಹೇಳ್ಬಿಟ್ಟೆ ಕಣೇ. ನಿಂಗೇನು ಹೋಗೋದಿದೆ ಹೇಳು, ನನ್ನದಾದ್ರೆ ಕೆಲಸದ ಪ್ರಶ್ನೆ. ಬಾ, ಸರಿಮಾಡೋಣ. ಈ ಸಲ ಇಬ್ಬರ ಹೆಸರೂ ಹಾಕೋಣ.” ಸೀಮೆಸುಣ್ಣ ಚಾಚಿದ.

ಅವಳು ತೆಗೆದುಕೊಂಡಳು. ಅಭ್ಯಾಸಬಲದಿಂದ ಕೈ ಮೂಲೆಗೆ ಹೋಗಿ ಚುಕ್ಕಿ ಇಟ್ಟಿತು. ಅದನ್ನು ನೋಡುತ್ತ ನಿಂತಳು. ಆಮೇಲೆ ಒದ್ದೆ ಬಟ್ಟೆ ತಂದು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದಳು. ಮೂಲೆಯನ್ನೂ ಬಿಡಲಿಲ್ಲ.

“ಏ, ಏನ್ಮಾಡ್ತಿದೀಯಾ?” ಎಂದ ಅವನು.

“ಟೈಪ್ ಮಾಡೋಕೆ ಇನ್ನೇನೂ ಇಲ್ಲ,” ಎಂದು ಹೇಳಿ ಅವಳು ಕೈ ತೊಳೆಯಲು ಹೋದಳು.