ಕನ್ನಡಿಯಲ್ಲಿ ಉಳಿದ ಬೆನ್ನು

ದೊಡ್ಡವಳಿಗೆ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಇರುತ್ತಿತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದಾಗಲೂ ಇರುತ್ತಿತ್ತು. ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ಆಗಾಗ ಮರೆತುಹೋಗುತ್ತಿತ್ತು, ಕಿಚ್ಚು ಮಾತ್ರ ಊಟದ ಹೊತ್ತಿನ ಹಾಗೆ ತಪ್ಪದೆ ನೆನಪಾಗುತ್ತಿತ್ತು.

ಎಲ್ಲದಕ್ಕೂ ಮೂಲ ಸಿನಿಮಾ ಕಾಲೇಜು. ಅಲ್ಲಿಗೆ ಮೊದಲು ಅರ್ಜಿ ಹಾಕಿದವಳು ದೊಡ್ಡವಳೇ. ಸಂದರ್ಶನದಲ್ಲಿ ಉದ್ದ ಮೇಜಿನ ಆಚೆ ಕೂತಿದ್ದವರು, "ಹೇಳಮ್ಮ, ಜನರಿಗೆ ಹೇಳೋಕೆ ನಿನ್ನ ಹತ್ರ ಏನಿದೆ?" ಎಂದು ಕೇಳಿದರು. ತಲೆಯಲ್ಲಿ ನೂರೆಂಟು ಇತ್ತು, ಬಾಯಿಗೆ ಒಂದೂ ಬರಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತ ಕೂತಿದ್ದು ಎದ್ದುಬಂದಳು. ಎರಡು ವರ್ಷ ಕಳೆದ ಮೇಲೆ ಚಿಕ್ಕವಳು, "ಸುಮ್ನೆ ಒಂದು ಕೈ ನೋಡ್ತೀನಿ" ಎಂದು ಅರ್ಜಿ ಹಾಕಿದಳು. ಅದೇ ಮೇಜಿನ ಮುಂದೆ ಹರಟೆ ಹೊಡೆದು, ಅವರನ್ನೆಲ್ಲ ನಗಿಸಿ, ಸೀಟು ಹಿಡಿದುಕೊಂಡು ಬಂದಳು. ಆ ದಿನ ಅಪ್ಪ ಬೀದಿಯಲ್ಲಿ ಕಂಡಕಂಡವರನ್ನು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. ದೊಡ್ಡವಳೂ ಪಕ್ಕದಲ್ಲಿ ನಿಂತು ನಕ್ಕಳು. ನಕ್ಕು ನಕ್ಕು ದವಡೆ ನೋವು ಬಂತು.

ಅವಳಿಗೂ ಒಂದು ಕೆಲಸವಿತ್ತು. ಪೇಟೆಯ ಮೂಲೆಯ ಫೋಟೋ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಳಿಸುವ ಕೆಲಸ. ಮದುಮಗಳ ಕೆನ್ನೆಯ ಮೊಡವೆ, ಮಾವನವರ ಡೊಳ್ಳುಹೊಟ್ಟೆ, ಗುಂಪಿನಲ್ಲಿ ಹಲ್ಲು ಬಿಟ್ಟುಕೊಂಡು ನಿಂತು ಆಮೇಲೆ ಮನೆಯವರೊಂದಿಗೆ ಮಾತು ಬಿಟ್ಟ ಭಾವ. ಯಾರು ಬೇಡವೋ ಅವರನ್ನು ಇದ್ದ ಗುರುತೇ ಇಲ್ಲದಂತೆ ತೆಗೆದುಬಿಡುತ್ತಿದ್ದಳು. ಸ್ಟುಡಿಯೊ ಯಜಮಾನ ಅವಳನ್ನು ಕರೆಯುತ್ತಿದ್ದದ್ದೇ "ರಬ್ಬರಮ್ಮ" ಎಂದು. ಎಷ್ಟು ಪಳಗಿದ ಕೈ ಎಂದರೆ, ಅವಳು ಏನು ಮಾಡಿದ್ದಾಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದ ಕೆಲಸವನ್ನು ಹೊಗಳುವವರಾದರೂ ಯಾರು?

ಚಿಕ್ಕವಳು ಎರಡನೇ ವರ್ಷಕ್ಕೆ ಬಂದಾಗ ಒಂದು ಕಿರುಚಿತ್ರ ಮಾಡಬೇಕಾಯಿತು. ತರಗತಿಯವರ ಚಿತ್ರಗಳಿಗೆಲ್ಲ ಸ್ಪರ್ಧೆ. ಗೆದ್ದವರಿಗೆ ಮುಂದಿನ ವರ್ಷ ಪೂರ್ತಿ ಕಾಲೇಜಿನ ಒಳ್ಳೆಯ ಕ್ಯಾಮೆರಾ. ಅವಳು ನೇರ ಅಕ್ಕನ ಹಾಸಿಗೆಯ ಮೇಲೆ ಬಂದು ಬಿದ್ದಳು.

"ಅಕ್ಕ, ನಿನ್ನ ಬಿಟ್ರೆ ನಂಗ್ಯಾರೂ ಗತಿ ಇಲ್ಲ ಕಣೇ."

"ಕಾಲೇಜು ತುಂಬ ಜನ ಇದ್ದಾರಲ್ಲ."

"ಅವರಿಗೆ ಕಂಪ್ಯೂಟರಲ್ಲಿ ಕಟ್ಟಡ ಉರುಳಿಸೋಕೆ ಬರುತ್ತೆ. ಒಂದು ಲೋಟ ಎತ್ತೋಕೆ ಬರಲ್ಲ."

ಕತೆ ಇಷ್ಟೇ. ಹೆಂಡತಿ ತೀರಿಕೊಂಡ ಒಬ್ಬ ಗಂಡ. ಮನೆಯ ಸಾಮಾನುಗಳು ತಾವಾಗಿಯೇ ಅವನ ಬಳಿ ಬರುತ್ತವೆ. ಹುಡುಕುತ್ತಿದ್ದ ಕನ್ನಡಕ ಮೊಣಕೈ ಹತ್ತಿರ ಸರಿಯುತ್ತದೆ, ಹೊರಡುವ ಮೊದಲೇ ಕೊಡೆ ಬಾಗಿಲ ಬಳಿ ಹೋಗಿ ನಿಲ್ಲುತ್ತದೆ. ಅವನಿಗೆ ಆಶ್ಚರ್ಯವೇ ಇಲ್ಲ, ಅವಳು ಯಾವತ್ತಿನ ಹಾಗೆ ಮನೆಯಲ್ಲೇ ಇದ್ದಾಳೆ ಎಂಬಂತೆ ಇದ್ದಾನೆ. ಕೊನೆಯಲ್ಲಿ ಚಹಾದ ಲೋಟ ಗಾಳಿಯಲ್ಲಿ ತೇಲಿ ಬಂದು ಮುಂದೆ ಕೂರುತ್ತದೆ. ಅವನು ಒಂದು ಗುಟುಕು ಕುಡಿದು, "ಸಕ್ಕರೆ ಸಾಕು" ಎನ್ನುತ್ತಾನೆ. ಚಿತ್ರಕ್ಕೂ ಅದೇ ಹೆಸರು.

ಕತೆ ದೊಡ್ಡವಳಿಗೆ ತುಂಬ ಹಿಡಿಸಿತು. ಅದರ ಬೆನ್ನಿಗೇ, ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು. "ನೋಡೋಣ," ಎಂದಳು.

ಗಂಡನ ಪಾತ್ರಕ್ಕೆ ಅಪ್ಪ ಕೇಳುವ ಮೊದಲೇ ತಯಾರು. ಅಮ್ಮ ಮಾತ್ರ ಕೆಂಡವಾದಳು.

"ನಾನು ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದೀನಿ, ನನ್ನ ಸಾಯ್ಸಿ ಸಿನಿಮಾ ತೆಗೀತೀರಾ?"

"ನೀನಲ್ಲಮ್ಮ, ಕತೇಲಿ ಬರೋ ಹೆಂಡತಿ," ಎಂದಳು ಚಿಕ್ಕವಳು.

"ಗಂಡ ನಿಮ್ಮಪ್ಪ ಅಂದ್ಮೇಲೆ ಹೆಂಡತಿ ಇನ್ಯಾರು? ನನ್ನ ಫೋಟೋ ಗೀಟೋ ಗೋಡೆಗೆ ಹಾಕಿದ್ರೆ ನೋಡು!"

ಹಾಗಾಗಿ ಆ ಹೆಂಡತಿ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ ಎಂದು ತೀರ್ಮಾನವಾಯಿತು.

ಭಾನುವಾರ ಅಪ್ಪ ಅಮ್ಮನ ಕೋಣೆಯಲ್ಲಿ ಚಿತ್ರೀಕರಣ. ಉಪಾಯ ಸರಳ. ಲೋಟದ ಹಿಂಬದಿಗೆ ತೆಳ್ಳನೆಯ ಕಡ್ಡಿ ಅಂಟಿಸಿ, ದೊಡ್ಡವಳು ಮೇಜಿನ ಆಚೆ ನಿಂತು ಅದನ್ನು ಎತ್ತಿ ತರುವುದು. ಆಮೇಲೆ ಯಾರೂ ಏನನ್ನೂ ಮುಟ್ಟದೆ ಹೊರಗೆ ಬಂದು, ಅಲ್ಲಾಡಿಸದ ಅದೇ ಕ್ಯಾಮೆರಾದಲ್ಲಿ ಖಾಲಿ ಕೋಣೆಯನ್ನು ಒಮ್ಮೆ ಚಿತ್ರಿಸುವುದು. ಕಂಪ್ಯೂಟರಿನಲ್ಲಿ ಅವಳು ನಿಂತ ಜಾಗಕ್ಕೆ ಖಾಲಿ ಕೋಣೆಯ ಅದೇ ಜಾಗವನ್ನು ಕತ್ತರಿಸಿ ಕೂರಿಸಿದರೆ ಅವಳೂ ಮಾಯ, ಕಡ್ಡಿಯೂ ಮಾಯ. ಲೋಟ ಒಂದೇ ತೇಲುತ್ತದೆ.

ಅವಳು ಕೂದಲನ್ನು ಎತ್ತಿ ಗಂಟು ಹಾಕಿ, ಅಮ್ಮನ ಹಳೆಯ ಬೂದು ಸ್ವೆಟರ್ ತೊಟ್ಟು ನಿಂತಳು. ಹೇಗೂ ಅಳಿಸಿಹೋಗುವವಳು, ಏನು ಹಾಕಿಕೊಂಡರೇನು. ತಂಗಿ ಕ್ಯಾಮೆರಾ ಹಿಂದಿನಿಂದ "ಅಕ್ಕ ನಿಧಾನ, ಅಕ್ಕ ಇನ್ನೂ ನಿಧಾನ, ಅಮ್ಮ ಚಹಾ ತರೋ ಹಾಗೆ ತಾ" ಎಂದು ಹೇಳಿಕೊಡುತ್ತಿದ್ದಳು. ಹೇಳಿದ್ದು ಸರಿಯಾಗಿಯೇ ಇತ್ತು. ಅದೂ ಚುಚ್ಚಿತು.

ಎಡವಟ್ಟಾದದ್ದು ಖಾಲಿ ಕೋಣೆಯ ಸರದಿಯಲ್ಲಿ. ಇವರು ಹೊರಗೆ ನೀರು ಕುಡಿಯುತ್ತಿದ್ದಾಗ ಅಮ್ಮ ಒಳಗೆ ಇಣುಕಿದಳು. ದೊಡ್ಡವಳು ನಿಂತಿದ್ದ ಜಾಗದ ಹಿಂದೆ ಬೀರುವಿನ ಬಾಗಿಲು ಹಾರುಹೊಡೆದಿತ್ತು. ಬೀರು ತೆರೆದಿರುವ ಮನೆಯನ್ನು ಊರಿಗೆಲ್ಲ ತೋರಿಸುವುದುಂಟೇ? ಮೆಲ್ಲನೆ ಮುಚ್ಚಿ ಹೊರಟುಹೋದಳು. ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕವಳು ಖಾಲಿ ಕೋಣೆಯನ್ನು ಚಿತ್ರಿಸಿ ಕ್ಯಾಮೆರಾ ಬಿಚ್ಚಿಟ್ಟಳು.

ಗುಟ್ಟು ರಟ್ಟಾದದ್ದು ವಾರದ ಮೇಲೆ, ದೊಡ್ಡವಳು ಅಳಿಸಲು ಕೂತಾಗ. ಬೀರುವಿನ ಬಾಗಿಲ ಒಳಮೈಗೆ ಒಂದು ಉದ್ದ ಕನ್ನಡಿ. ಲೋಟದ ದೃಶ್ಯದಲ್ಲಿ ಅದು ತೆರೆದುಕೊಂಡಿದೆ, ಅದರ ತುಂಬ ಇವಳ ಬೆನ್ನು. ಖಾಲಿ ಕೋಣೆಯಲ್ಲಿ ಬಾಗಿಲೇ ಮುಚ್ಚಿದೆ. ಕನ್ನಡಿಯ ಜಾಗಕ್ಕೆ ತಂದು ಕೂರಿಸಲು ಏನೂ ಇಲ್ಲ.

"ಯಾರು ಬೀರು ಮುಚ್ಚಿದ್ದು?" ಎಂದು ಕೂಗಿದಳು.

"ಮುಚ್ಚದೇ? ಒಳಗೆ ಬಟ್ಟೆ ಎಲ್ಲ ಹೇಗೆ ಬಿದ್ದಿತ್ತು ಅಂತ ನೋಡಿದ್ಯಾ?" ಎಂದು ಅಡುಗೆಮನೆಯಿಂದ ಉತ್ತರ ಬಂತು.

ದೊಡ್ಡವಳು ಮೇಜಿನ ಆಚೆಯಿಂದ ತನ್ನ ಮುಖವನ್ನೂ ಕೈಯನ್ನೂ ಅಳಿಸಿದ್ದು ಎರಡು ಸಂಜೆಯ ಕೆಲಸ. ಕನ್ನಡಿಯೊಳಗಿನ ಬೆನ್ನು ಇಡೀ ವಾರ ತಿಂದಿತು. ಎದುರು ಗೋಡೆಯ ಫೋಟೋ ಬೇರೆಯಾಗಿ ತೆಗೆದು, ಕನ್ನಡಿಯ ಅಳತೆಗೆ ಬಗ್ಗಿಸಿ, ದೃಶ್ಯದ ಒಂದೊಂದೇ ಫ್ರೇಮಿಗೆ ಕೈಯಾರೆ ಕೂರಿಸಿದಳು. ಸ್ಟುಡಿಯೊದಿಂದ ಬಂದವಳು ಚಪ್ಪಲಿ ಬಿಟ್ಟು ನೇರ ಅಲ್ಲೇ ಕೂರುತ್ತಿದ್ದಳು. ತಂಗಿಯ ಮೇಲಿನ ಪ್ರೀತಿಗೆ ಎಂದು ನಾನು ಹೇಳಲಾರೆ. ಕೆಲಸ ಅರ್ಧಕ್ಕೆ ಬಿಟ್ಟರೆ ಅವಳ ಕೈಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಮುಗಿದದ್ದನ್ನು ನೋಡಿ ಚಿಕ್ಕವಳು ಅಕ್ಕನ ಕುತ್ತಿಗೆಗೆ ಜೋತುಬಿದ್ದಳು. "ಎಲ್ಲೂ ಕಾಣ್ತಿಲ್ಲ ಕಣೇ ನೀನು! ಇದ್ದೆ ಅಂತಾನೇ ಗೊತ್ತಾಗಲ್ಲ!"

ಅದು ಹೊಗಳಿಕೆಯೇ. ಆದರೂ ದೊಡ್ಡವಳಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಯಿತು.

ಕೊನೆಗೆ ಉಳಿದದ್ದು ಹೆಸರುಗಳನ್ನು ಜೋಡಿಸುವುದು. ಪ್ರದರ್ಶನದ ಹಿಂದಿನ ದಿನ ಚಿಕ್ಕವಳು ಅವುಗಳ ಪಟ್ಟಿಯನ್ನು ತಂದುಕೊಟ್ಟು ಸ್ನಾನಕ್ಕೆ ಹೋದಳು. ಕತೆ, ನಿರ್ದೇಶನ, ಸಂಕಲನ, ಎಲ್ಲದರ ಮುಂದೆ ಅವಳ ಹೆಸರು. ಇರಲಿ. ವಿಷುಯಲ್ ಎಫೆಕ್ಟ್ಸ್ ಎಂದಿದ್ದಲ್ಲಿಯೂ ಅವಳದೇ ಹೆಸರು. ಕಟ್ಟಕಡೆಗೆ ಕೃತಜ್ಞತೆಗಳು: ಅಪ್ಪ, ಅಮ್ಮ, ಅಕ್ಕ, ಮತ್ತು ಕೊಡೆ ಕೊಟ್ಟ ಪಕ್ಕದ ಮನೆಯವರು.

ದೊಡ್ಡವಳು ಅದನ್ನು ಮತ್ತೆ ಮತ್ತೆ ಓದಿದಳು. ಕೊಡೆಯ ಪಕ್ಕದಲ್ಲಿ ತಾನು.

"ಕಾಲೇಜಿನ ನಿಯಮ ಅಕ್ಕ," ಎಂದಳು ಚಿಕ್ಕವಳು, ತಲೆ ಒರೆಸಿಕೊಳ್ಳುತ್ತ. "ನಟನೆ ಬಿಟ್ಟು ಬೇರೆ ಕೆಲಸ ಹೊರಗಿನವರ ಕೈಲಿ ಮಾಡ್ಸಿದ್ರೆ ಸ್ಪರ್ಧೆಯಿಂದ ತೆಗೆದುಬಿಡ್ತಾರೆ. ನಿಂಗೇನೂ ಬೇಜಾರಿಲ್ಲ ತಾನೇ?"

"ನಂಗೇನು ಬೇಜಾರು," ಎಂದಳು ಹೊರಗಿನವಳು.

ತಂಗಿ ಕೋಣೆಯಿಂದ ಹೋದ ಮೇಲೆ ಕೊನೆಯ ದೃಶ್ಯವನ್ನು ತೆರೆದಳು. ಕನ್ನಡಿಯ ಮೇಲೆ ಕೂರಿಸಿದ್ದ ಗೋಡೆ ಬೇರೆ ಪದರವಾಗಿಯೇ ಇತ್ತು. ಅದನ್ನು ಮರೆಮಾಡಲು ಒಂದು ಕ್ಲಿಕ್ ಸಾಕು. ವಾರದ ಕೆಲಸ ಒಂದು ಕ್ಲಿಕ್ಕಿಗೆ ಹೋಯಿತು, ಕನ್ನಡಿಯಲ್ಲಿ ಬೂದು ಸ್ವೆಟರಿನ ಬೆನ್ನು ಮತ್ತೆ ಬಂದು ನಿಂತಿತು. ಜನ ನಗಲಿ. ತೇಲುವ ಲೋಟದ ಹಿಂದೆ ಯಾವಳೋ ನಿಂತಿದ್ದಾಳೆ ಎಂದು ಕೈ ತೋರಿಸಿ ನಗಲಿ. ಎಫೆಕ್ಟ್ಸ್ ತಾನೇ ಮಾಡಿದ್ದು ಎಂದವಳು ಆ ನಗುವನ್ನೂ ತಾನೇ ತಿನ್ನಲಿ. ಬೆಳಿಗ್ಗೆ ಚಿತ್ರವನ್ನು ತಂಗಿಯ ಕೈಗೆ ಕೊಟ್ಟಳು. ಚಿಕ್ಕವಳು ಅದನ್ನು ಮತ್ತೊಮ್ಮೆ ನೋಡಲಿಲ್ಲ, ಅಕ್ಕ ಕೊಟ್ಟದ್ದನ್ನು ಅವಳು ಯಾವತ್ತೂ ಪರೀಕ್ಷಿಸಿದವಳಲ್ಲ.

ಸಭಾಂಗಣದಲ್ಲಿ ಚಿಕ್ಕವಳು ಮೊದಲ ಸಾಲಿನಲ್ಲಿ ಕೂತಿದ್ದಳು, ಮನೆಯವರು ಕೊನೆಯ ಸಾಲಿನಲ್ಲಿ. ಕನ್ನಡಕ ಸರಿಯಿತು, ಜನ ಮುಗುಳ್ನಕ್ಕರು. ಕೊಡೆ ನಡೆಯಿತು, ಅಪ್ಪ ತಮ್ಮ ನಟನೆಗೆ ತಾವೇ ತಲೆದೂಗಿದರು. ಲೋಟ ಮೇಲೆದ್ದಿತು. ಮೇಜಿನ ಆಚೆ ಯಾರೂ ಇಲ್ಲ, ಆದರೆ ಬೀರುವಿನ ಕನ್ನಡಿಯಲ್ಲಿ ಒಬ್ಬ ಹೆಂಗಸಿನ ಬೆನ್ನು. ಎತ್ತಿ ಕಟ್ಟಿದ ಕೂದಲು, ಹಳೆಯ ಸ್ವೆಟರು, ಗಂಡನ ಕಡೆಗೆ ಚಾಚಿದ ಕೈ. ಲೋಟ ಕೆಳಗಿಟ್ಟು ಆ ಬೆನ್ನು ಒಂದು ಗಳಿಗೆ ಹಾಗೆಯೇ ಬಾಗಿ ನಿಂತಿತು.

ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಪ್ಪ ತೆರೆಯ ಮೇಲೆ "ಸಕ್ಕರೆ ಸಾಕು" ಎಂದಾಗ ಎಲ್ಲೋ ಒಬ್ಬರು ಮೂಗು ಎಳೆದುಕೊಂಡದ್ದು ಕೇಳಿಸಿತು. "ಅಯ್ಯೋ, ನಾನು ಯಾವಾಗ ಹೋಗಿ ನಿಂತೆ ಅಲ್ಲಿ?" ಎಂದು ಅಮ್ಮ ಪಿಸುಗುಟ್ಟಿದಳು. ಮೊದಲ ಸಾಲಿನಲ್ಲಿ ಚಿಕ್ಕವಳು ಮಾತ್ರ ಹಿಂದಕ್ಕೆ ತಿರುಗಿ, ಕತ್ತಲಲ್ಲಿ ಅಕ್ಕನನ್ನು ಹುಡುಕುತ್ತಿದ್ದಳು.

ದೀಪ ಹತ್ತಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ದೊಡ್ಡವಳಿಗೆ ಮೈಯೆಲ್ಲ ಉರಿ. ಕೆಡಿಸಲು ಹೋದದ್ದೂ ಇವಳ ಕಿರೀಟಕ್ಕೆ ಗರಿಯಾಯಿತಲ್ಲ! ಹಾಳು ಮಾಡಲೂ ತನಗೆ ಬರುವುದಿಲ್ಲವೇ? ಈಗ ಬಾಯಿಬಿಟ್ಟು ಅದು ನಾನು ಮಾಡಿದ್ದು ಎಂದರೆ, ಯಾಕೆ ಮಾಡಿದೆ ಎಂಬುದನ್ನೂ ಹೇಳಬೇಕು.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದರು. "ಚಿತ್ರದುದ್ದಕ್ಕೂ ಕಾಣದವಳನ್ನ ಕೊನೇಲಿ ಒಂದೇ ಒಂದು ಸಲ, ಅದೂ ಬೆನ್ನು ಮಾತ್ರ ತೋರಿಸಿದ್ದೀಯ. ಆ ಯೋಚನೆ ಹೇಗೆ ಬಂತಮ್ಮ?"

ಚಿಕ್ಕವಳು ವೇದಿಕೆಯ ಮೇಲಿದ್ದಳು. ಹರಟೆ ಹೊಡೆದು ಸೀಟು ಗಿಟ್ಟಿಸಿದವಳಿಗೆ ಮಾತಿಗೇನು ಬರವೇ? ದೊಡ್ಡವಳು ಕಣ್ಣು ಮುಚ್ಚಿ, ತಂಗಿ ಹೆಣೆಯಲಿರುವ ಚಂದದ ಉತ್ತರಕ್ಕೆ ಕಾದಳು.

"ನನ್ನದಲ್ಲ ಸರ್," ಎಂದಳು ಚಿಕ್ಕವಳು. "ನನ್ನಕ್ಕಂದು. ಎಫೆಕ್ಟ್ಸೆಲ್ಲ ಅವಳೇ ಮಾಡಿದ್ದು. ಅಲ್ಲಿ ನನ್ನ ಹೆಸರು ಹಾಕ್ಕೊಂಡಿದ್ದು ತಪ್ಪು. ಆ ಬೆನ್ನು ಯಾಕೆ ಬಿಟ್ಟಳು ಅಂತ ಅವಳನ್ನೇ ಕೇಳಿ."

ಕಾಲೇಜಿನ ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡರು. ಮೈಕ್ ಕೈಯಿಂದ ಕೈಗೆ ದಾಟಿ ಕೊನೆಯ ಸಾಲಿಗೆ ಬಂತು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಇಷ್ಟು ಜನ ತನ್ನನ್ನೇ ನೋಡಲಿ ಎಂದು ದೊಡ್ಡವಳು ಎಷ್ಟು ವರ್ಷ ಆಸೆಪಟ್ಟಿದ್ದಳು! ಚಂದದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇದ್ದೂ ಕಾಣದವರ ಬಗ್ಗೆ ನಾಲ್ಕು ಮಾತು ಹೇಳಿದರೆ ಹೊಗಳಿಕೆಯೆಲ್ಲ ತನ್ನದೇ. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ತಂಗಿಯ ಕಣ್ಣು ಸಿಕ್ಕಿತು. ಕನ್ನಡಿಯಲ್ಲಿ ಬೆನ್ನು ಅಳಿಸಿಹೋಗಿದ್ದ ಚಿತ್ರವನ್ನು ನೋಡಿದ್ದವಳು ಅವಳೊಬ್ಬಳೇ.

"ಹೊಟ್ಟೆಕಿಚ್ಚಿಗೆ ಸರ್," ಎಂದಳು ದೊಡ್ಡವಳು. "ತಂಗಿ ಸಿನಿಮಾ ಕೆಟ್ಟುಹೋಗ್ಲಿ ಅಂತ."

ಸಭಾಂಗಣವೆಲ್ಲ ಘೊಳ್ಳೆಂದು ನಕ್ಕಿತು. ಹಿರಿಯರು ಮೇಜು ತಟ್ಟಿ ನಕ್ಕರು, ಅಪ್ಪ ನಕ್ಕರು, "ಇವಳ ತಮಾಷೆಗಿಷ್ಟು" ಎಂದು ಅಮ್ಮನೂ ನಕ್ಕಳು. ಇನ್ನೊಮ್ಮೆ ಚಪ್ಪಾಳೆ ಬಿತ್ತು. ಚಿಕ್ಕವಳು ಮಾತ್ರ ನಗಲಿಲ್ಲ.

ನಿಯಮ ನಿಯಮವೇ. ಚಿತ್ರವನ್ನು ಸ್ಪರ್ಧೆಯಿಂದ ಕೈಬಿಟ್ಟರು. ಕ್ಯಾಮೆರಾ, ತನ್ನ ಚಿತ್ರದಲ್ಲಿ ಕಟ್ಟಡ ಉರುಳಿಸಿದ ಹುಡುಗನಿಗೆ ಹೋಯಿತು.

ಬಸ್ ನಿಲ್ದಾಣದವರೆಗೆ ಅಪ್ಪ ಅಮ್ಮ ಮುಂದೆ, ಇವರಿಬ್ಬರು ಹಿಂದೆ. ತನ್ನ ಬೆನ್ನು ನಿಜವಾಗಿಯೂ ಅಷ್ಟು ದಪ್ಪವಿದೆಯೇ ಎಂದು ಅಮ್ಮ ಅಪ್ಪನನ್ನು ಪೀಡಿಸುತ್ತಿದ್ದಳು.

"ಕ್ಯಾಮೆರಾ ಹೋಯ್ತಲ್ಲೇ," ಎಂದಳು ದೊಡ್ಡವಳು.

"ಹೋಗ್ಲಿ ಬಿಡು."

"ನಾನು ಹೇಳಿದ್ದು ತಮಾಷೆಗಲ್ಲ."

"ಗೊತ್ತು," ಎಂದಳು ಚಿಕ್ಕವಳು. "ಆ ಹೆಸರು ಹಾಕೋವಾಗ್ಲೇ ನಂಗೆ ಒಂಥರಾ ಆಗಿತ್ತು. ಮೊದ್ಲೇ ಹೇಳ್ಬೇಕಿತ್ತು." ಹಾಗೆಂದು ಅಕ್ಕನ ತೋಳಿಗೆ ತೋಳು ಸಿಕ್ಕಿಸಿ ನಡೆದಳು.

ದೊಡ್ಡವಳು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಳೆಯ ಉರಿ ಮತ್ತೆ ಎದೆಗೆ ಹತ್ತಿತು. ತಪ್ಪೊಪ್ಪಿಕೊಳ್ಳುವುದರಲ್ಲೂ ಇವಳೇ ಮೊದಲು.