ರಜಾಯಿ ಒಣಗದ ಬಾಲ್ಕನಿಗಳು

ಕಾವೇರಮ್ಮ ಕನ್ನಡಕವನ್ನು ಹಣೆಗೇರಿಸಿ, ಬೀಗದ ಕೈ ಗೊಂಚಲನ್ನು ಝಣಝಣ ಅಲ್ಲಾಡಿಸುತ್ತ, ದಲ್ಲಾಳಿ ಗುಲ್ಶನ್‌ನ ಗಂಟಲನ್ನೇ ಎರವಲು ತಂದರು.

"ಅರೇ ಫೌಜಿ ಸಾಬ್! ಇದು ಫ್ಲ್ಯಾಟ್ ಅಲ್ಲ, ಹಾಲು ಕೊಡೋ ಎಮ್ಮೆ! ಒಂದನೇ ತಾರೀಖು ಬಂತು, ಬಾಡಿಗೆ ಬಂತು. ನೀವು ಚಾಯ್ ಕುಡೀತಾ ಇರಿ, ಬಸ್, ಅಷ್ಟೇ!"

ಪಕ್ಕದ ಮನೆಯ ಸಂಯುಕ್ತಾ ನಕ್ಕೂ ನಕ್ಕೂ ಸೋಫಾದ ಅಂಚಿಗೆ ಜಾರಿದಳು. ಕಾವೇರಮ್ಮನ ಗಂಡ ಕುಟ್ಟಪ್ಪ ಮಾತ್ರ ನಗಲಿಲ್ಲ. ಅವರು ಸುಬೇದಾರರಾಗಿ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಕೈಗೆ ಬಂದ ಇಡುಗಂಟನ್ನೆಲ್ಲ ಫರೀದಾಬಾದಿನ ಹೊಸ ಕಟ್ಟಡವೊಂದರ ಏಳನೇ ಮಹಡಿಗೆ ಸುರಿದು, ಕಡಿಮೆ ಬಿದ್ದದ್ದಕ್ಕೆ ಬ್ಯಾಂಕ್ ಸಾಲ ಮಾಡಿ, ಬಾಡಿಗೆಯಿಂದಲೇ ಕಂತು ತೀರಿಸುವುದು ಅವರ ಲೆಕ್ಕ. ಗುರುವಾರ ಗುಲ್ಶನ್ ದೆಹಲಿಯ ಪೀತಮ್‌ಪುರದ ಈ ಮನೆಗೇ ಬಂದು ಬಯಾನಾ, ಅಂದರೆ ಮುಂಗಡ, ಒಯ್ಯುವವನಿದ್ದ.

"ಅಣಕಿಸು, ಅಣಕಿಸು," ಎಂದರು ಕುಟ್ಟಪ್ಪ. "ಭಾನುವಾರ ಸಂಜೆ ಗುಲ್ಶನ್ ಕಳಿಸಿದ ಕಾರಲ್ಲಿ ಹೋಗಿ ನೀನೂ ನೋಡಿದೆಯಲ್ಲ ಕಾವೇರಿ? ಕಟ್ಟಡದ ತುಂಬ ದೀಪ! ಸುತ್ತಮುತ್ತ ಫ್ಯಾಕ್ಟರಿಗಳು. ಇಂಜಿನಿಯರುಗಳು ಕ್ಯೂ ನಿಲ್ತಾರೆ."

"ಆ ಕ್ಯೂನಲ್ಲಿ ಒಬ್ಬನ ಮುಖ ಆದ್ರೂ ಕಂಡ್ರಾ ನೀವು?"

ಸಂಯುಕ್ತಾ ಎದ್ದು ನೆಟ್ಟಗೆ ಕುಳಿತಳು. "ಅಂಕಲ್, ಆ ಕಡೆಯ ಎಮ್ಮೇನೇ ನಾನು ಕಟ್ಟಿಕೊಂಡು ನಾಲ್ಕು ವರ್ಷ ಆಯ್ತು. ಹಾಲಿಗಿಂತ ಹಿಂಡಿ ಖರ್ಚೇ ಜಾಸ್ತಿ. ಒಬ್ಬರು ಬಿಟ್ಟು ಹೋದ್ರೆ ಇನ್ನೊಬ್ಬರು ಬರೋಕೆ ಮೂರು ತಿಂಗಳು. ಅಲ್ಲಿವರೆಗೆ ಸೊಸೈಟಿ ಮೇಂಟೆನೆನ್ಸ್ ನನ್ನದು, ಕಂತೂ ನನ್ನದು. ಹೊಸಬರು ಬಂದ್ರೆ ದಲ್ಲಾಳಿ ಕಮಿಷನ್ನು, ಸುಣ್ಣ ಬಣ್ಣ. ಗೀಸರ್ ಕೆಟ್ಟಿದೆ ಅಂತ ಫೋನ್ ಬಂದ್ರೆ ಇಲ್ಲಿಂದ ಎರಡು ಗಂಟೆ ಮೆಟ್ರೋದಲ್ಲಿ ನೇತಾಡ್ಬೇಕು."

"ಬಾಡಿಗೆದಾರರನ್ನ ನೋಡಿ ಆರಿಸಬೇಕಮ್ಮ."

"ಆರಿಸಿದ್ದೆ ಅಂಕಲ್! ನಮ್ಮ ಊರಿನವರೇ ಅಂತ. ಕರಾರು ಪತ್ರ ಕೇಳಿದ್ದಕ್ಕೆ 'ಅಯ್ಯೋ ಮೇಡಂ, ದೂರದ ದೆಹಲಿಯಲ್ಲಿ ನಾವು ನಾವೇ ಹೀಗಾ?' ಅಂದ್ರು. ನಾಚಿಕೆ ಆಗಿ ಸುಮ್ಮನಾದೆ. ಆಮೇಲೆ ಮನೆ ಬಿಡಿಸೋಕೆ ಒಂದು ವರ್ಷ ಅಲೆದೆ."

"ನಿನ್ನ ಗ್ರಹಚಾರ ಅಷ್ಟೇ," ಎಂದು ಕುಟ್ಟಪ್ಪ ಮೀಸೆ ತಿರುವಿದರು. "ಗುರುವಾರ ಬಯಾನಾ ಕೊಡೋದೇ."

ಕಾವೇರಮ್ಮ ಗೊಂಚಲನ್ನು ಟಪ್ಪನೆ ಮೇಜಿನ ಮೇಲಿಟ್ಟರು. "ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ರಿ. ಶತ್ರುವೇ ಕಾರು ಕಳಿಸಿ, 'ಬನ್ನಿ ಸಾಬ್, ನಮ್ಮ ಪೋಸ್ಟ್ ತೋರಿಸ್ತೀನಿ' ಅಂದ್ರೆ, ಅದನ್ನ ರೆಕ್ಕಿ, ಬೇಹುಗಾರಿಕೆ ಅಂತಿದ್ರಾ? ನಾಳೆ ನಾವೇ ಹೋಗೋಣ, ಗುಲ್ಶನ್‌ಗೆ ಹೇಳದೆ. ಬರಲ್ಲ ಅಂದ್ರೆ ಕೇಳಿಸ್ಕೊಳ್ಳಿ: ಮನೆ ಇಬ್ಬರ ಹೆಸರಲ್ಲಿ ತಾನೇ? ನನ್ನ ಸಹಿ ಬೀಳಲ್ಲ."

ಮರುದಿನ ಮಧ್ಯಾಹ್ನ ಇಬ್ಬರೂ ಕಟ್ಟಡದ ಗೇಟಿನ ಮುಂದೆ ನಿಂತಿದ್ದರು. ನಾಲ್ಕು ದಿನದ ಮಂಜು ಹರಿದು ಬಿದ್ದ ಮೊದಲ ಬಿಸಿಲು. ಇಂಥ ದಿನ ದೆಹಲಿ ಸೀಮೆಯಲ್ಲಿ ಹತ್ತಿ ತುಂಬಿದ ರಜಾಯಿ ಹೊದಿಕೆ ಒಣಹಾಕದ ಮನೆಯಿಲ್ಲ. ಕಾವೇರಮ್ಮ ಕತ್ತೆತ್ತಿ ಬೆರಳು ಮಡಚತೊಡಗಿದರು.

"ಏನು ಎಣಿಸ್ತಾ ಇದೀಯ?"

"ಜನರನ್ನ."

ಐವತ್ತಾರು ಬಾಲ್ಕನಿ. ರಜಾಯಿ ಇದ್ದದ್ದು ಹನ್ನೊಂದರಲ್ಲಿ.

ಗೇಟಿನ ಕಾವಲುಗಾರ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಬಿಡಿಸುತ್ತಿದ್ದ. "ಬಾಡಿಗೆಗೆ ಬೇಕಾ ಮಾತಾಜಿ? ಹೇಳಿದ ರೇಟಿಗೆ ಒಪ್ಪಬೇಡಿ, ಅರ್ಧಕ್ಕೆ ಕೊಡ್ತಾರೆ. ಎಲ್ಲ ಖಾಲಿ."

"ಭಾನುವಾರ ದೀಪ ಉರೀತಿತ್ತಲ್ಲ ಭಯ್ಯಾ?" ಕುಟ್ಟಪ್ಪನ ದನಿ ಇಳಿದಿತ್ತು.

"ಅದಾ? ಗಿರಾಕಿ ಬರೋ ದಿನ ಡೀಲರ್ ಗುಲ್ಶನ್ ಸಾಬ್ ಖಾಲಿ ಮನೆಗಳ ಕೀಲಿ ಕೊಡ್ತಾರೆ. ನಾನೇ ಮಹಡಿ ಮಹಡಿ ಹತ್ತಿ ಲೈಟ್ ಹಾಕ್ತೀನಿ. ಮೊಣಕಾಲು ನೋವು ಬಂದುಬಿಟ್ಟಿದೆ!"

ಹಿಂದಿರುಗುವಾಗ ಮೆಟ್ರೋದಲ್ಲಿ ಕುಟ್ಟಪ್ಪ ಮೆಲ್ಲಗೆ ಕೇಳಿದರು: "ಸರಿಯಾಗಿ ಎಣಿಸಿದೆಯಾ? ಹನ್ನೊಂದೇನಾ?"

"ಹನ್ನೊಂದೇ. ಅದರಲ್ಲೂ ಒಂದು ಬರೀ ಕಂಬಳಿ."

ಗುರುವಾರ ಗುಲ್ಶನ್ ಲಡ್ಡು ಡಬ್ಬದೊಂದಿಗೆ ಬಂದ, ರಸೀದಿ ಪುಸ್ತಕ ಬಿಚ್ಚಿದ. "ಜಲ್ದಿ ಮಾಡಿ ಸಾಬ್. ಇನ್ನೊಂದು ಪಾರ್ಟಿ ಕೆಳಗೆ ಕಾರಲ್ಲೇ ಕೂತಿದೆ."

"ಛೇ, ಪಾಪ! ಅವರನ್ನೂ ಮೇಲೆ ಕರೀರಿ, ಚಾಯ್ ಕೊಡ್ತೀನಿ," ಎಂದರು ಕಾವೇರಮ್ಮ.

ಕುಟ್ಟಪ್ಪ ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದರು. ಕೆಳಗೆ ಮೂಲಂಗಿ ಮಾರುವವನ ಗಾಡಿ ಬಿಟ್ಟರೆ ಏನೂ ಇರಲಿಲ್ಲ. ಒಳಗೆ ಬಂದವರು ಹೆಂಡತಿಯ ಮುಂದಿದ್ದ ಬೀಗದ ಕೈ ಗೊಂಚಲನ್ನು ಎತ್ತಿಕೊಂಡರು. ಕನ್ನಡಕ ಹಣೆಗೇರಿತು. ಜನ್ಮದಲ್ಲಿ ಯಾರನ್ನೂ ಅಣಕಿಸದ ಸುಬೇದಾರರು ಗೊಂಚಲು ಝಣಝಣಿಸಿದರು:

"ಅರೇ ಗುಲ್ಶನ್ ಜೀ! ಅಷ್ಟು ಹಾಲು ಕೊಡೋ ಎಮ್ಮೆ ನಿಮ್ಮ ಹಟ್ಟಿಯಲ್ಲೇ ಇರಲಿ, ಬಸ್!"

ಲಡ್ಡು ಡಬ್ಬ ಬಂದ ಚೀಲಕ್ಕೇ ಮರಳಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಾಡಿಗೆಗೆಂದು ಮನೆ ಕೊಳ್ಳಬೇಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಬಾಡಿಗೆಯೂ ಬಾಡುತ್ತದೆ, ನೆನಪಿರಲಿ. ಕೆಲಸದ ದಿನ, ಹಗಲು ಹೊತ್ತು, ದಲ್ಲಾಳಿಯಿಲ್ಲದೆ ಹೋಗಿ ನೋಡಿ. ಬಾಡಿಗೆ ಕೇಳುವವರಂತೆ ವಿಚಾರಿಸಿ, ನಿಜವಾದ ದರ ಗೊತ್ತಾಗುತ್ತದೆ. ವರ್ಷದಲ್ಲಿ ಮೂರು ತಿಂಗಳು ಖಾಲಿ ಬಿದ್ದರೂ ಕಂತು ಕಟ್ಟಬಲ್ಲಿರಾ, ಕೂಡಿಸಿ ಕಳೆಯಿರಿ. ಬಯಾನಾ ಕೊಡುವ ಮುನ್ನ ಕಾಗದಪತ್ರ ವಕೀಲರಿಗೆ ತೋರಿಸಿ. ಕೊಟ್ಟು ಹಿಂದೆ ಸರಿದರೆ ಆ ಹಣ ಮರಳುವುದು ಕಷ್ಟ. ಬಾಡಿಗೆದಾರ ನಿಮ್ಮ ಊರಿನವನೇ ಆಗಲಿ, ಕರಾರು ಪತ್ರ ಮತ್ತು ಪೊಲೀಸ್ ಪರಿಶೀಲನೆ ತಪ್ಪಿಸಬೇಡಿ. ಇಡುಗಂಟೆಲ್ಲ ಒಂದೇ ಗೋಡೆಗೆ ಮೆತ್ತಬೇಡಿ. ಆಸ್ಪತ್ರೆಗೆ ದುಡ್ಡು ಬೇಕಾದ ದಿನ ಅಡುಗೆಮನೆಯೊಂದನ್ನೇ ಕಿತ್ತು ಮಾರಲಾಗದು.

"ಇವತ್ತೇ, ಈಗಲೇ" ಎಂದು ಯಾರಾದರೂ ಪೆನ್ನು ಮುಂದೆ ಚಾಚಿದರೆ, "ಬೇಡ" ಎನ್ನಿ. ಬೇಡ ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.