ದೇವರ ಜಗಲಿಯ ಮೇಲಿಟ್ಟ ನಾಣ್ಯಗಳು

ಆ ನಾಣ್ಯಗಳನ್ನು ದೇವರ ಜಗಲಿಯ ಮೇಲೆ ಇಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ತಪ್ಪು ಅವ್ವನದೆಂದು ಓದುವವರಿಗೆ ಅನ್ನಿಸಿಬಿಡಬಹುದು.

ಹೇವರ್ಡ್‌ನ ಗೋದಾಮೊಂದರಲ್ಲಿ ಬಂದ ಸರಕನ್ನು ಪರೀಕ್ಷಿಸುವುದು ನನ್ನ ಕೆಲಸ. ನಾಣ್ಯ ಕೂಡಿಡುವ ಹವ್ಯಾಸ ಹಿಡಿದು ಆಗ ನಾಲ್ಕು ತಿಂಗಳಾಗಿತ್ತು. ಪ್ರೂಫ್ ನಾಣ್ಯಗಳೆಂದರೆ ಅಂಗಡಿಯಲ್ಲಿ ಕೊಡಲಿಕ್ಕಲ್ಲ, ಇಟ್ಟುಕೊಂಡು ನೋಡಲಿಕ್ಕೆಂದೇ ಅಚ್ಚು ಹಾಕಿದವು. ಹಿನ್ನೆಲೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಅದರ ಮೇಲಿನ ಮುಖ ಮಂಜು ಕವಿದಂತೆ ಬೆಳ್ಳಗಿರುತ್ತದೆ. ಇಂಥ ನಲವತ್ತು ಕ್ವಾರ್ಟರುಗಳನ್ನು, ಅಂದರೆ ಕಾಲು ಡಾಲರಿನ ನಾಣ್ಯಗಳನ್ನು, ಪ್ಲಾಸ್ಟಿಕ್ ಟ್ಯೂಬಿನಲ್ಲಿ ಪೇರಿಸಿದರೆ ಒಂದು ರೋಲು. ಆನ್‌ಲೈನ್‌ನಲ್ಲಿ ನನ್ನ ಮೊದಲ ರೋಲು ಕೊಂಡು, ಸ್ಯಾನ್ ರಮೋನ್‌ನ ಜಯರಾಮ್ ಅವರಿಗೆ ತೋರಿಸಲು ಹೋದೆ. ಮಂಡ್ಯದ ಕಡೆಯವರು, ಕನ್ನಡ ಕೂಟದ ಊಟದ ಸಾಲಿನಲ್ಲಿ ಪರಿಚಯವಾದ ಹಿರಿಯರು. ಮೂವತ್ತು ವರ್ಷ ನಾಣ್ಯ ಕೂಡಿಟ್ಟವರು. ತೋರಿಸಲು ಎಂದೆ, ಆದರೆ ಅವರ ಕಣ್ಣು ಹೋಗಿದೆ. ಎದುರಿಗೆ ಯಾರೋ ನಿಂತಿದ್ದಾರೆಂದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ.

“ಅಂಚಲ್ಲಿ ಹಿಡ್ಕೊಳಿ ಕೇದಾರ್. ಮುಖಕ್ಕೆ ಬೆರಳು ತಾಗಬಾರ್ದು. ಲೈಟ್ ಕೆಳಗೆ ನಿಧಾನಕ್ಕೆ ವಾಲಿಸಿ. ಏನು ಕಾಣುತ್ತೆ?”

“ಸಣ್ಣ ಸಣ್ಣ ಗೆರಿ ಅದಾವ್ರಿ ಸರ್. ಕೂದಲೆಳಿ ಹಂಗ.”

“ಎಲ್ಲಾ ಒಂದೇ ಕಡೆಗಾ?”

“ಹೌದ್ರಿ.”

“ಯಾರೋ ಪುಣ್ಯಾತ್ಮ ಬಟ್ಟೇಲಿ ಒರೆಸಿದಾನೆ. ಒರೆಸಿದ್ರೆ ಬೆಲೆ ಹೋಯ್ತು. ಟೋಪಿ ಹಾಕಿದಾರೆ ಕಣ್ರೀ ನಿಮಗೆ.”

ನಕ್ಕು, ಡ್ರಾಯರಿನಲ್ಲಿ ತಡಕಾಡಿ ತಮ್ಮದೊಂದು ಟ್ಯೂಬು ತೆಗೆದರು. “ಇದು ತೊಂಬತ್ತೆರಡರದ್ದು, ಬೆಳ್ಳಿ. ನಾನು ಈ ದೇಶಕ್ಕೆ ಬಂದ ವರ್ಷ. ಟಂಕಸಾಲೆಯವರು ಮಾರೋ ಒಂದೊಂದು ಬಾಕ್ಸಿಂದ ಒಂದೊಂದೇ ತೆಗೆದು ಸೇರಿಸಿದ್ದು. ಒಂದು ಸಲಾನೂ ಮುಖ ಮುಟ್ಟಿಲ್ಲ. ತಗೊಂಡೋಗಿ, ನಿಮ್ಮದರ ಪಕ್ಕ ಇಟ್ಟು ನೋಡಿ. ಕಣ್ಣು ಪಳಗಿದ ಮೇಲೆ ಮುಂದಿನ ರೋಲು ಕೊಳ್ಳಿ.”

“ಬ್ಯಾಡ್ರಿ ಸರ್. ಏನರ ಆದ್ರ?”

“ಸುಮ್ನೆ ಕೊಡ್ತಿಲ್ಲ ರೀ. ಆಮೇಲೆ ನಂದೆಲ್ಲಾ ನೀವು ನೋಡಿ ಹೇಳ್ಬೇಕು, ಯಾವುದು ಚೆನ್ನಾಗಿದೆ, ಯಾವುದು ಕೆಟ್ಟಿದೆ ಅಂತ. ನೀವು ಹೇಳಿದ್ದನ್ನ ನಾನು ನಂಬಬೇಕು. ಬೇರೆ ದಾರಿ ಇಲ್ಲ ನಂಗೆ.”

ಆ ಮಾತಿನ ಭಾರ ಹೊತ್ತುಕೊಂಡೇ ಮನೆಗೆ ಬಂದೆ. ಎಲ್ಲಿಡುವುದು? ಅಡುಗೆಮನೆಯಲ್ಲಿ ಹಬೆ, ಸ್ನಾನದ ಮನೆಯ ಪಕ್ಕದ ಕಪಾಟಿನಲ್ಲಿ ತೇವ. ಕೈ ತೊಳೆಯದೆ ಯಾರೂ ಮುಟ್ಟದ, ಒಣಗಿದ ಜಾಗ ಒಂದೇ ಇತ್ತು. ಎರಡೂ ಟ್ಯೂಬುಗಳನ್ನು ಅವ್ವ ಪೂಜೆ ಮಾಡುವ ಜಗಲಿಯ ಮೇಲೆ, ಬಸವಣ್ಣನ ಮೂರ್ತಿಯ ಹಿಂದೆ ಇಟ್ಟೆ.

“ಬೆಳ್ಳಿವೇನೋ ತಮ್ಮಾ?” ಎಂದು ಅವ್ವ ಕೇಳಿದಳು.

“ಹೂಂ,” ಎಂದೆ. ಅಷ್ಟೇ ಹೇಳಿದೆ.

ದೀಪಾವಳಿಯ ಅಮಾವಾಸ್ಯೆಯ ದಿನ ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಹುಣಸೆಯ ವಾಸನೆ ಇತ್ತು. ಹಿತ್ತಾಳೆಯ ತಟ್ಟೆಯಲ್ಲಿ ಎಂಬತ್ತೂ ನಾಣ್ಯಗಳು ಸುತ್ತುಸುತ್ತಾಗಿ ಕೂತಿದ್ದವು. ಒಂದೊಂದರ ಮೇಲೂ ಅರಿಶಿನ, ಒಂದೊಂದರ ಮೇಲೂ ಕುಂಕುಮ.

“ಅವ್ವಾ, ಇವನ್ನ ಯಾಕ ತಗದಿ?”

“ಲಕ್ಷ್ಮೀಪೂಜಿ ಅಲ್ಲೇನೋ ಇವತ್ತ? ದೀಪ ತಿಕ್ಕಿದ ಹುಣಚಿಹಣ್ಣು ಉಳದಿತ್ತು, ಇವನ್ನೂ ತಿಕ್ಕಿದೆ.”

“ನನ್ನ ಒಂದು ಮಾತು ಕೇಳಬೇಕಿತ್ತು.”

“ಜಗಲಿ ಮ್ಯಾಲ ಇಟ್ಟದ್ದು ಪೂಜಿಗಲ್ಲದ ಮತ್ಯಾತಕೋ? ಅದನ್ನೂ ಕೇಳಬೇಕೇನು?”

ಎಪ್ಪತ್ತೆಂಟರ ಅವ್ವ ಬೆಳಗಿನಿಂದ ಉಪವಾಸವಿದ್ದು, ಎಂಬತ್ತು ನಾಣ್ಯ ತಿಕ್ಕಿ, ಬೆರಳು ಸುಕ್ಕುಗಟ್ಟಿಸಿಕೊಂಡಿದ್ದಳು. ನಾನು ಆರತಿಗೆ ನಿಂತೆ.

ಮರುದಿನ ಇಸವಿ ನೋಡಿ ಜಯರಾಮ್ ಅವರ ನಲವತ್ತನ್ನು ಬೇರೆ ಮಾಡಿದೆ. ಕನ್ನಡಿ ಹೋಗಿತ್ತು. ಮಂಜೂ ಹೋಗಿತ್ತು. ಅಕ್ಷರಗಳ ಸಂದಿಯಲ್ಲಿ ಕುಂಕುಮ ಕೂತಿತ್ತು. ತೆಗೆಯಲು ಹೋದರೆ ಇನ್ನಷ್ಟು ಗೆರೆ ಬೀಳುತ್ತವೆಂದು ಹಾಗೆಯೇ ಬಿಟ್ಟೆ.

ಅದೇ ತೊಂಬತ್ತೆರಡರ ಇನ್ನೊಂದು ರೋಲು ಹುಡುಕಿ ತರಿಸಿದೆ. ಮೂರು ದಿನ ದೀಪದ ಕೆಳಗೆ ಒಂದೊಂದನ್ನೂ ವಾಲಿಸಿ ನೋಡಿದೆ. ಎಲ್ಲೂ ಗೆರೆ ಇರಲಿಲ್ಲ. ಅವರದಕ್ಕೆ ಸಮವೇ ಎಂದು ಹೇಳಲು, ಪಕ್ಕದಲ್ಲಿಟ್ಟು ನೋಡಲು, ಅವರದು ಉಳಿದಿರಲಿಲ್ಲ.

“ಇವನ್ನ ಕೊಟ್ಟುಬಿಡ್ರಿ,” ಎಂದಳು ಹೆಂಡತಿ ವಿಜಯಶ್ರೀ. “ಅದೇ ವರ್ಷದ್ದು, ಅದೇ ಬೆಳ್ಳಿ. ಅವರಿಗೇನು ಕಮ್ಮಿ ಆಗ್ತದ? ಹೆಂಗೂ ಅವರಿಗೆ ಕಾಣಂಗಿಲ್ಲ.” ಹೇಳಿದ ಮೇಲೆ ನನ್ನ ಕಡೆ ನೋಡದೆ ಪಾತ್ರೆ ಒರೆಸತೊಡಗಿದಳು.

ಶನಿವಾರ ಬೆಳಿಗ್ಗೆ ಫ್ರೀವೇಯಲ್ಲಿ ಹೋಗುವಾಗ ಅವ್ವ ತಿಕ್ಕಿದ್ದು, ಹೊಸದು, ಎರಡೂ ಟ್ಯೂಬುಗಳು ಪಕ್ಕದ ಸೀಟಿನಲ್ಲಿದ್ದವು. ಜಯರಾಮ್ ಬಾಗಿಲು ತೆರೆದು ಕೈ ಚಾಚಿದರು. ನನ್ನ ಕೈ ಹೊಸ ಟ್ಯೂಬನ್ನೇ ಕೊಟ್ಟಿತು. ಹೇಗೆ ಕೊಟ್ಟೆನೋ ಇವತ್ತಿಗೂ ಹೇಳಲಾರೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರು.

“ಬಂದ್ರಲ್ಲಪ್ಪಾ ನಮ್ಮ ಹುಡುಗ್ರು!”

“ಸರ್,” ಎಂದೆ. “ಅವು ನಿಮ್ಮವಲ್ಲ.”

ಜಗಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವ್ವನ ತಪ್ಪಲ್ಲವೆಂದು ಎರಡು ಸಲ ಹೇಳಿದೆ. ಅವರು ಕುರ್ಚಿ ಹುಡುಕಿ ಕೂತರು. ಮುಖ ಬಿಗಿದಿತ್ತು.

“ಹೇಳ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ.”

“ಗೊತ್ತಾಗಂಗಿಲ್ಲ ಅಂತನ ಹೇಳಿದೆ ಸರ್.”

ಕೈಯಲ್ಲಿದ್ದ ಟ್ಯೂಬನ್ನು ಮೇಜಿನ ಮೇಲಿಟ್ಟರು. ಆಮೇಲೆ, “ನನ್ನವು ಎಲ್ಲಿ?” ಎಂದರು.

ಕೊಟ್ಟೆ. ಒಂದು ನಾಣ್ಯ ಹೊರಗೆ ತೆಗೆದು ಅಭ್ಯಾಸದಂತೆ ಅಂಚಿನಲ್ಲೇ ಹಿಡಿದರು. ಹಾಗೆ ಹಿಡಿದಿದ್ದವರು ನಿಧಾನವಾಗಿ ಹೆಬ್ಬೆರಳನ್ನು ಅದರ ಮುಖದ ಮೇಲೆ ಇಟ್ಟರು. ಹಣೆಯಿಂದ ಕೆಳಕ್ಕೆ, ಮೂಗಿನ ಗುಂಟ, ಗದ್ದದವರೆಗೆ. ಮತ್ತೆ ಮೇಲಕ್ಕೆ.

“ಇಷ್ಟು ಚೂಪಾ ಈ ಮೂಗು?” ಎಂದರು. ನನ್ನನ್ನು ಕೇಳಿದಂತಿರಲಿಲ್ಲ. “ಇಷ್ಟು ವರ್ಷ ಮುಟ್ಟೇ ಇರ್ಲಿಲ್ಲ.”

ಬೆರಳು ಉಜ್ಜಿಕೊಂಡರು. “ಇದೇನು ಪುಡಿ?”

“ಕುಂಕುಮ ಸರ್.”

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ನಾನೂ ಅದಕ್ಕಾಗಿ ಕಾಯಲಿಲ್ಲ. ಅವ್ವ ತಿಕ್ಕಿದ ನಲವತ್ತನ್ನೂ ತಮ್ಮ ಬಳಿಯೇ ಇಟ್ಟುಕೊಂಡು, ಹೊಸ ಟ್ಯೂಬನ್ನು ನನ್ನ ಕಡೆ ಸರಿಸಿದರು. “ಇವು ನೀವು ಕೊಂಡಿದ್ದು. ಚೆನ್ನಾಗಿವೆ ಅಂತ ನೀವು ಹೇಳಿದ್ರೆ ಚೆನ್ನಾಗಿರ್ತವೆ. ತಗೊಂಡೋಗಿ.”

ನಂತರ ಡ್ರಾಯರು ಎಳೆದು ಇನ್ನೊಂದು ರೋಲು ತೆಗೆದು ಮೇಜಿನ ಮೇಲಿಟ್ಟರು.

“ಇನ್ಮೇಲೆ ಏನೂ ಮನೆಗೆ ಕೊಡಲ್ಲ ಕೇದಾರ್. ಇಲ್ಲೇ ಕೂತು ನೋಡಿ. ನೋಡಿದ್ದನ್ನ ಹೇಳಿ.”

ದೀಪ ಹಾಕಿದೆ. ಮೊದಲ ನಾಣ್ಯವನ್ನು ಅಂಚಿನಲ್ಲಿ ಹಿಡಿದು ವಾಲಿಸಿದೆ. ಅವರು ಬರೆದುಕೊಳ್ಳುವವರಂತೆ ತಲೆ ಬಾಗಿಸಿ ಕಾಯುತ್ತಿದ್ದರು, ಹೆಬ್ಬೆರಳು ಮತ್ತೆ ಆ ನಾಣ್ಯದ ಮೂಗಿನ ಮೇಲಿತ್ತು.

“ಎಡಕ್ಕ ಒಂದು ಗೆರಿ ಐತ್ರಿ ಸರ್,” ಎಂದೆ. “ಒಂದೇ.”